ಲಭ್ಯರಿರುವುದಿಲ್ಲ

ಆ ಲಕೋಟೆಗಳು ಬರುವುದು ಶುಕ್ರವಾರವೇ,
ಕೋರ್ಟಿನ ಬಾಗಿಲು ಮುಚ್ಚಿದ ಮೇಲೆ.
ಕೈಯಲ್ಲಿನ್ನೂ ಸಿಂಪಿಯ ವಾಸನೆ. ದಿನಕ್ಕೆ
ಎರಡು ಸಾವಿರ ಚಿಪ್ಪು ಬಿಚ್ಚುವ ಈ ಕೈಗೆ
ಒಂದು ಕಾಗದ ಬಿಚ್ಚಲು ನಡುಕ.

"ಪ್ರತಿವಾದಿಯ ವಕೀಲರು ಈ ತಿಂಗಳ ಹನ್ನೊಂದರಿಂದ
ಇಪ್ಪತ್ತಮೂರರವರೆಗೆ ಲಭ್ಯರಿರುವುದಿಲ್ಲ."
ಇಷ್ಟೇ. ಕೆಳಗೆ ಸಹಿ,
ಗಾಳಿಗೆ ಮಲಗಿದ ಹುಲ್ಲಿನ ಹಾಗೆ.

ಲಭ್ಯರಿರುವುದಿಲ್ಲ ಅಂದರೆ?
ಎಲ್ಲಿ ಹೋಗುತ್ತಾರೆ? ಯಾರನ್ನು ಹುಡುಕಿಕೊಂಡು?
ಟೋಬಿನ್‌ನ ಟೀಚರನ್ನೇ? ನನ್ನ ಹಳೇ ಮನೆಯ ಮಾಲೀಕನನ್ನೇ?
ಆ ಚಳಿಗಾಲ ಎರಡು ವಾರ ಹೀಟರ್ ಕೆಟ್ಟಿದ್ದನ್ನು
ಯಾರು ಹೇಳಿರಬಹುದು?

(ಕಳೆದ ತಿಂಗಳು ಬಂದದ್ದು ಅವರ ಆಫೀಸಿನ ಹೊಸ ವಿಳಾಸ.
ಅದಕ್ಕೂ ಒಂದು ರಾತ್ರಿ ನಿದ್ದೆಗೆಟ್ಟಿದ್ದೆ,
ಮಹಡಿಯ ಸಂಖ್ಯೆಯಲ್ಲಿ ಏನೋ ಇದೆ ಎಂದು.)

ಶನಿವಾರವೆಲ್ಲ ಆ ಒಂದು ಸಾಲಿನಲ್ಲಿ ಕಲ್ಲು ಆರಿಸಿದೆ.
ಭಾನುವಾರ ಫ್ರಿಜ್ ಉಜ್ಜಿದೆ, ಒಳಗೂ ಹೊರಗೂ,
ನ್ಯಾಯಾಧೀಶರೇ ಬಂದು ತೆರೆದು ನೋಡುವವರೇನೋ ಎಂಬಂತೆ.
ಆಮೇಲೆ ಮಗನ ಹಾಸಿಗೆಯ ಮೇಲೆ, ಮಗನಿಲ್ಲದ ಹಾಸಿಗೆಯ ಮೇಲೆ
ಗೋಡೆಗೆ ಬೆನ್ನು ಕೊಟ್ಟು ಕೂತೆ.

ಸೋಮವಾರ, ಸೌತ್ ಬೆಂಡಿನ ಗುಡ್ಡದ ಮೇಲಿನ ಕೋರ್ಟು.
ಬಣ್ಣದ ಗಾಜಿನ ಗುಮ್ಮಟದ ಕೆಳಗೆ, ಮೆಟ್ಟಿಲ ಪಕ್ಕದ
ಸಣ್ಣ ಕೋಣೆಯಲ್ಲಿ ಮಿಸೆಸ್ ಪೆಲ್ಟೊ.
ವಕೀಲರಿಲ್ಲದವರಿಗೆಲ್ಲ ಅವರೇ ಗತಿ.
ಓದಲು ಅವರಿಗೆ ನನ್ನ ಮೂರು ರಾತ್ರಿ ಬೇಕಾಗಲಿಲ್ಲ.

"ರಜೆ ಕಣಮ್ಮಾ, ರಜೆ. ಆ ದಿನಗಳಲ್ಲಿ
ವಿಚಾರಣೆ ಇಡಬೇಡಿ ಅಂತ. ಮೀನು ಹಿಡಿಯೋಕೆ ಹೋಗ್ತಾನೆ,
ಪ್ರತಿ ವರ್ಷ."
ಉತ್ತರ ಬರೀಬೇಕಾ?
"ಬೇಡ. ಕ್ಯಾಲೆಂಡರಿಗೆ ಹಾಕು. ಫೈಲಿಗೆ ಸೇರಿಸು.
ಊಟ ಮಾಡು."

ನಗು ಬಂತು. ಬಂದದ್ದು ಅರ್ಧಕ್ಕೇ ನಿಂತಿತು,
ಅವರ ಬೆರಳು ಹಿಂದಿನ ಹಾಳೆಗೆ ಹೋಗಿತ್ತು,
ನಾನು ತಿರುಗಿಸದೇ ಬಿಟ್ಟ ಹಾಳೆಗೆ.
"ಇದಕ್ಕೆ ಮಾತ್ರ ಬರೀಬೇಕು. ಮೂವತ್ತು ದಿನ.
ಸಂಬಳದ ಚೀಟಿ, ಬಾಡಿಗೆ ರಸೀದಿ, ಶಾಲೆಯ ಹಾಜರಿ."
ಬೊಗಳದ ನಾಯಿಯ ಹಾಗೆ ತಣ್ಣಗೆ ಮಲಗಿತ್ತು ಅದು
ಸ್ಟೇಪಲ್ ಪಿನ್ನಿನ ನೆರಳಲ್ಲಿ.

ಅಡುಗೆಮನೆಯ ಕ್ಯಾಲೆಂಡರಿನಲ್ಲಿ
ಇಳಿತದ ಸಮಯಗಳು, ಟೋಬಿನ್‌ನ ಹಲ್ಲಿನ ಡಾಕ್ಟರು.
ಅವುಗಳ ನಡುವೆ ಬರೆದೆ: ಹನ್ನೊಂದರಿಂದ ಇಪ್ಪತ್ತಮೂರು, ಅವರ ಮೀನು.
ಮೂವತ್ತನೆಯ ದಿನಕ್ಕೆ ಕೆಂಪು ಗೀಟು.
ಕೊನೆಗೆ ನನ್ನದೂ ಒಂದು ನೋಟಿಸು, ಯಾರಿಗೂ ಕಳಿಸದ್ದು:

ಬುಧವಾರ ಸಂಜೆ ಐದರಿಂದ
ಗುರುವಾರ ಶಾಲೆಯ ಗಂಟೆಯವರೆಗೆ
ವೆರ್ಲಾ ಟಕೆಟ್ ಲಭ್ಯರಿರುವುದಿಲ್ಲ.