ಎರಡೂಮುಕ್ಕಾಲು ವೋಲ್ಟಿನ ಹೂಂ

ಕಾಲು ಹದಿನಾಲ್ಕೇ. ನಂಬರೂ ಅದೇ,
ನಡುವಿನ ಎರಡಕ್ಷರ ಮಾತ್ರ ಬೇರೆ.
"ಎಲ್‌ಎಸ್ ಬರೋದು ನಿಂತು ವರ್ಷವಾಯ್ತು ಮೇಡಂ,
ಎಚ್‌ಸಿ ತಗೊಳ್ಳಿ, ಒಂದೇ ವಂಶ" ಅಂದಿದ್ದ
ಮಾರ್ಕೆಟ್ ರಸ್ತೆಯ ಮೊಯ್ದಿನಬ್ಬ,
ಬಿಸ್ಕತ್ತಿನ ಡಬ್ಬಿಯಿಂದ ಹೆಕ್ಕಿ ಕೊಡುತ್ತ.

ಕ್ಯೂರಿಂಗ್ ವರ್ಕ್ಸಿನ ಬಣ್ಣ ನೋಡುವ ಮಿಷನ್ನು
ನನಗಿಂತ ಎರಡು ವರ್ಷ ದೊಡ್ಡದು.
ಬೀಜ ಬೀಳುತ್ತದೆ, ಕಣ್ಣು ನೋಡುತ್ತದೆ,
ಕಪ್ಪು ಕಂಡರೆ ಹೂಂ ಅನ್ನುತ್ತದೆ,
ಹೂಂ ಅಂದರೆ ಫುಸ್ಸೆಂದು ಗಾಳಿ,
ಕಪ್ಪು ಬೀಜ ಆಚೆ.
ಇಷ್ಟೇ ಅದರ ಸಂಸಾರ.

ಸುಟ್ಟ ಚಿಪ್ ಕಿತ್ತು ಹೊಸದು ಕೂರಿಸಿದೆ.
ಬೆಳಿಗ್ಗೆ ಏಳರ ಚಳಿಗೆ ಕಪ್ಪೆಲ್ಲ ಒಳಗೆ.
ಹನ್ನೊಂದಕ್ಕೆ ಬಿಸಿಲೇರಿದ ಮೇಲೆ ಸರಿಯಾಯ್ತು.
ಮಾರನೆ ದಿನ ಮತ್ತೆ ಹಾಗೇ.
ಆರಿಸುವ ಮೇಜಿನ ರುದ್ರಮ್ಮ ಒಂದು ಬೊಗಸೆ
ಕಪ್ಪು ತಂದು ನನ್ನ ಮೀಟರಿನ ಪಕ್ಕ ಸುರಿದಳು:
"ನಿನ್ ಮಿಷನ್ನಿಗೆ ಮುಂಜಾನೆ ಕಿವುಡು ಕಣವ್ವ."

ಕಿವುಡೇ. ಕಣ್ಣಿನೆದುರು ಒಂದು ಕಪ್ಪು ಬೀಜ ಹಿಡಿದು ಅಳೆದೆ:
ಹಳೆಯದರ ಹೂಂ ಎರಡೂಮುಕ್ಕಾಲು ವೋಲ್ಟು.
ಅದರ ಮನೆಯಲ್ಲಿ ಅದು ಧಾರಾಳ,
ಎರಡಕ್ಕೇ ತಲೆಯಾಡಿಸುವ ಮಂದಿ.
ಹೊಸದಕ್ಕೆ ಮೂರೂವರೆ ಬೇಕು.
ನಡುವೆ ಬಿದ್ದದ್ದು
ಹೂಂ ಹೌದೋ ಉಹೂಂ ಹೌದೋ,
ಚಳಿಗೆ ಬಿಟ್ಟದ್ದು.
ಸುಳ್ಳು ಯಾರೂ ಹೇಳಿರಲಿಲ್ಲ.

ಮೇಜಿನ ಕೊನೆಗೆ ಹೊಸ ಹುಡುಗಿ ಫುಲ್ಮನಿ,
ಗುಮ್ಲಾ ಕಡೆಯವಳು, ಬಂದು ಮೂರು ವಾರ.
ಸಂಜೆ ರೈಟರು ಕೇಳಿದರೆ "ಏಳು" ಅನ್ನುತ್ತಾಳೆ
ತುಟಿಯೊಳಗೇ. ರೈಟರು ಆರು ಬರೆಯುತ್ತಾನೆ.
ಇವತ್ತು ರುದ್ರಮ್ಮ ಅವಳ ಬೆನ್ನಿಗೆ ಬಂದು ನಿಂತಳು,
ಸುಮ್ಮನೆ, ಎಲೆಯಡಿಕೆ ಅಗಿಯುತ್ತ.
ಏಳು ಏಳೇ ಆಯಿತು.

ರಾತ್ರಿ, ಒಂದು ರೂಪಾಯಿಯ ರೆಸಿಸ್ಟರ್
(ಕೆಂಪು, ಕೆಂಪು, ಕೆಂಪು, ಕೊನೆಗೆ ಬಂಗಾರದ ಗೆರೆ)
ಐದು ವೋಲ್ಟಿಗೂ ಆ ತಂತಿಗೂ ಬೆಸೆದೆ.
ಯಾರ ಭಾಷೆಯನ್ನೂ ಅದು ತಿದ್ದುವುದಿಲ್ಲ,
ಹೂಂ ಅನ್ನುವಾಗ ರಟ್ಟೆಗೆ ಕೈ ಕೊಡುತ್ತದೆ ಅಷ್ಟೆ.
ಉಹೂಂ ಅನ್ನುವುದಾದರೆ ಅಡ್ಡ ಬರುವುದಿಲ್ಲ;
ಉಹೂಂ ಅನ್ನುವುದರಲ್ಲಿ
ಹಳೆಯ ಮನೆತನ ಮೊದಲಿಂದಲೂ ಗಟ್ಟಿ.

ಬೆಳಿಗ್ಗೆ ಏಳು. ಮುಳ್ಳಯ್ಯನಗಿರಿ ಮಂಜಿನೊಳಗೆ.
ಫುಸ್. ಫುಸ್.
ರುದ್ರಮ್ಮ ಬೊಗಸೆಯೊಡ್ಡಿ ನಿಂತಳು ಸ್ವಲ್ಪ ಹೊತ್ತು,
ಖಾಲಿ ಕೈ ಸೆರಗಿಗೆ ಒರೆಸಿಕೊಂಡು
"ನಮಗೇನು ಕೆಲಸ ಉಳಿಸ್ದೆ ಹಾಗಾದ್ರೆ" ಅಂದಳು.
ನಾನು ಹೂಂ ಅಂದೆ,
ಅವಳಿಗೆ ಕೇಳಿಸಿತೋ ಇಲ್ಲವೋ.