ಹೆಬ್ಬೆಟ್ಟಿನ ಸಾಕ್ಷಿ

ಮೊಂಟೆವಿಡಿಯೊ. ಜುಲೈ ಚಳಿ. ರಾತ್ರಿ ಎರಡೂವರೆ.
ಮೇಜಿನ ಮೇಲೆ ನ್ಯಾಯಾಧೀಶೆ ಎಡೆಲ್ಮಿರಾ ಸೊಸಾ,
ವಯಸ್ಸು ಅರವತ್ತೊಂದು, ಕೀವು ತುಂಬಿದ ಪಿತ್ತಕೋಶ.
ಔಷಧಿ ಏನಾದರೂ? ಕೇಳಿದ್ದೆ. ಬಿಪಿಯದೊಂದು.
ಬೇರೆ? ಬೇರೇನಿಲ್ಲ.
ಅಷ್ಟು ನುಣುಪು ಹಣೆ, ಆ ವಯಸ್ಸಿಗೆ!
ನೋಡಿದ್ದೆ. ನೋಡಿಯೂ ಕೇಳಲಿಲ್ಲ.

ಕೈಗಳೆರಡೂ ಹಸಿರು ಬಟ್ಟೆಯಡಿ, ಮೈಗೊತ್ತಿ ಕಟ್ಟಿವೆ.
ಹುಬ್ಬಿನ ಬಳಿ ಅಂಟಿಸಿದೆ ತಂತಿಯ ತುದಿಗಳನ್ನು.
ಸ್ನಾಯು ಸಡಿಲಿಸುವ ಮದ್ದು ಹತ್ತಿತೋ ಇಲ್ಲವೋ ತಿಳಿಯಲು
ನಾಲ್ಕು ಸಲ ಕದ ಬಡಿಯುತ್ತೇವೆ ನಾವು.
ಮದ್ದು ಹಾಕುವ ಮುಂಚೆಯೇ ಒಮ್ಮೆ ಬಡಿದು ನೋಡಬೇಕಿತ್ತು.
ಅವಸರ.
ಟಕ್ ಟಕ್ ಟಕ್ ಟಕ್.
ಸೊನ್ನೆ.

"ಹೊಟ್ಟೆ ಕಲ್ಲಾಗಿದೆ," ಅಂದ ಕ್ಯಾಮೆರಾ ತೂರಿಸುತ್ತಿದ್ದ ಬೆಂತಾಂಕುರ್.
ಸೊನ್ನೆ, ಅಂದೆ.
"ಉಸಿರು ಎಳೆಯುತ್ತಿದ್ದಾರೆ, ಕಣ್ಣಾರೆ ನೋಡು."
ಸೊನ್ನೆ, ಅಂದೆ ಮತ್ತೆ,
ಯಂತ್ರದ ವಕಾಲತ್ತು ಹಿಡಿದವಳಂತೆ.
ಅಷ್ಟರಲ್ಲಿ ಕೆಮ್ಮು.

ಮೊದಲು ನಿದ್ದೆಯ ಮದ್ದು ಹೆಚ್ಚಿಸಿದೆ.
ಆಮೇಲೆ ಬಗ್ಗಿ, ಬಟ್ಟೆಯಡಿ ತಡಕಾಡಿ,
ಮಣಿಕಟ್ಟಿಗೆ ತಂತಿ ಹಚ್ಚಿ ಬಡಿದೆ.
ಹೆಬ್ಬೆಟ್ಟು ಎದ್ದಿತು. ಒಂದು, ಎರಡು, ಮೂರು.
ನಾಲ್ಕನೆಯದು ಕೊಂಚ ಸೋತಿತ್ತು, ಆದರೂ ಬಂತು.

ಹಣೆಗೆ ಯಾರೋ ಎಂದೋ ಬೀಗ ಜಡಿದಿದ್ದರು.
ಬಿಟ್ಟುಹೋದ ಒಂದು ಮನೆಯ ಕದ ಬಡಿದು
ಊರೇ ಮಲಗಿದೆಯೆಂದು ನಂಬಿದ್ದೆ ನಾನು,
ಒಂದೇ ಸಾಕ್ಷಿ, ಪಾಟೀಸವಾಲಿಲ್ಲದೆ.

ಮರುದಿನ ಹಾಸಿಗೆ ಪಕ್ಕ ಕೂತು ಕೇಳಿದೆ.
"ಓ, ಅದೂ ಔಷಧಿಯೇ?
ಮೇ ತಿಂಗಳಲ್ಲಿ. ಪೋಸಿಟೋಸ್‌ನಲ್ಲೊಂದು ಕ್ಲಿನಿಕ್ಕು.
ಚೆಲುವಿಗಲ್ಲ ಡಾಕ್ಟರೇ.
ನಾನಿನ್ನೂ ಕಾಗದ ಕೈಗೆತ್ತಿಕೊಂಡಿರಲಿಲ್ಲ,
ಹುಬ್ಬಿನ ಗಂಟು ನೋಡಿಯೇ
ಹುಡುಗನೊಬ್ಬನ ತಾಯಿ ಅಳತೊಡಗಿದಳು.
ಬಿಡುಗಡೆಯ ತೀರ್ಪು ಅದು.
ನನಗೆ ಸುಮ್ಮನೆ ತಲೆನೋವಿತ್ತು."

ಹಣೆಬರಹ ಅಳಿಸಲಾಗದಂತೆ.
ಐದು ಚುಚ್ಚಿಗೆ ಅಳಿಯುತ್ತದೆ, ಮೂರು ನಾಲ್ಕು ತಿಂಗಳ ಮಟ್ಟಿಗೆ.
ಆಮೇಲೆ ನರ ಹೊಸ ಚಿಗುರೊಡೆದು
ಹಳೆಯ ಅಕ್ಷರವನ್ನೇ ತಿದ್ದುತ್ತದೆ.

ನಡೆದದ್ದೆಲ್ಲ ಹೇಳಿದೆ, ಸೊನ್ನೆಯಿಂದ ಕೆಮ್ಮಿನವರೆಗೆ.
ತಪ್ಪು ನನ್ನದು, ಅಂದೆ.
ಕೇಳಿಸಿಕೊಂಡರು. ಆ ಮುಖದಲ್ಲಿ ಏನೂ ಕಾಣಲಿಲ್ಲ,
ಮರಳು ಒರೆಸಿಟ್ಟಂತಿತ್ತು.
ಸಿಟ್ಟೇ? ಕ್ಷಮೆಯೇ?
ಕಟಕಟೆಯಲ್ಲಿ ನಿಂತವರಿಗೆಲ್ಲ ಹೀಗೇ ಅನಿಸುತ್ತಿತ್ತೇನೋ.

ಕಣ್ಣು ತಾನಾಗಿ ಕೆಳಗಿಳಿಯಿತು.
ಹೊದಿಕೆಯ ಅಂಚನ್ನು ಅವರ ಹೆಬ್ಬೆಟ್ಟು
ಮೆಲ್ಲಗೆ ಉಜ್ಜುತ್ತಿತ್ತು.