ಬಾಗಿಲು ಎಳೆಯುವ ಬಗೆ

ಮೊದಲು ಸ್ವಲ್ಪ ಎತ್ತಬೇಕು,
ಕೂಸಿನ ಕಂಕುಳಿಗೆ ಕೈಕೊಟ್ಟ ಹಾಗೆ.
ಆಮೇಲೆ ಎದೆಯ ಕಡೆಗೆ ಒಂದು ಜಗ್ಗು.
ಆಮೇಲೆ ಹಿಂದಕ್ಕೆ.
ಇದು ಬರದವರು
ನಮ್ಮ ಓಮ್ನಿ ಹತ್ತಿದವರಲ್ಲ.

ತೊಂಬತ್ತೆಂಟರ ಗಾಡಿ, ಮಜ್ಜಿಗೆ ಬಣ್ಣ, ಕೆಎ ಹದಿಮೂರು.
ಬೆಳಿಗ್ಗೆ ಆರಕ್ಕೆ ಡೈರಿ ಸರ್ಕಲ್ಲಿನಲ್ಲಿ ಹಿಂಬಾಗಿಲು ಎತ್ತಿದರೆ
ಹಬೆ, ಇಡ್ಲಿ, ಅಮ್ಮನ ಬೈಗುಳ,
ಅದೇ ಕ್ರಮದಲ್ಲಿ.
ಇಂಜಿನ್ನು ಮುಂದಿನ ಸೀಟಿನಡಿ; ಕೂತರೆ ಕಾವಲಿ.
ಪುಷ್ಯದ ಚಳಿಗೆ ಹಿಟ್ಟು ಹುಳಿಬರದಿದ್ದರೆ ಅಪ್ಪ
ಗೊರೂರಿನ ತನಕ ಸುಮ್ಮನೆ ಹೋಗಿ ಬಂದು
ಆ ಸೀಟಿನ ಮೇಲೆ ಪಾತ್ರೆಯಿಟ್ಟು
ಕಂಬಳಿ ಹೊದಿಸಿ ಮಲಗಿಸುತ್ತಿದ್ದ.
ಬೆಳಗಾಗುವಷ್ಟರಲ್ಲಿ
ಮುಚ್ಚಳ ತಾನೇ ಎದ್ದು ಕೂತಿರುತ್ತಿತ್ತು.

ಅರಕಲಗೂಡಿನ ಮದುವೆಗೆ ಹದಿಮೂರು ಜನ ಹೋಗಿದ್ದೆವು.
ಬೆಲ್ಟು ಎಲ್ಲಿತ್ತು ಆಗ?
ಒಬ್ಬರ ಮಡಿಲು ಇನ್ನೊಬ್ಬರಿಗೆ ಬೆಲ್ಟು
ಎಂದು ಎಷ್ಟು ಸಲ ಹೇಳಿಕೊಂಡು ನಕ್ಕಿದ್ದೇವೆ!
ನನ್ನ ಹುಬ್ಬಿನ ಮೇಲಿನ ನಾಲ್ಕು ಹೊಲಿಗೆ
ಆ ಮಡಿಲಿನದೇ.
ಅಡ್ಡ ಬಂದದ್ದು ಒಂದು ಕರು. ಕರುವಿಗೇನೂ ಆಗಲಿಲ್ಲ.

ಈಗ ಅದು ಕೆಮ್ಮುತ್ತದೆ. ಬಿಡಿಭಾಗ ಸಿಗುವುದಿಲ್ಲ.
ಲೋಹಿತ ಹೇಳಿದ: ನೋಡೋಣ ಕಣಕ್ಕ, ಎರಡನ್ನೂ ನೋಡೋಣ.

ಮುನೀರಣ್ಣನ ಯಾರ್ಡು, ಬಿ.ಎಂ. ರಸ್ತೆ.
ಹದಿಮೂರರ ಇಸವಿಯ ಈಕೋ, ಬೆಳ್ಳಿ ಬಣ್ಣ,
ಒಬ್ಬರೇ ಓನರು, ಬರೀ ಐವತ್ತು ಸಾವಿರ ಕಿಲೋಮೀಟರು,
ಹೊಸದರ ಅರ್ಧ ರೇಟು ತಾಯಿ ಅಂದರು.
ಅಮ್ಮ ಮೀಟರು ನೋಡಲಿಲ್ಲ. ಬಗ್ಗಿ
ಕ್ಲಚ್ಚಿನ ಪೆಡಲು ನೋಡಿದಳು.
ರಬ್ಬರು ಸವೆದು ತಗಡು ಹೊಳೆಯುತ್ತಿತ್ತು,
ಬಹಳ ದಿನ ಸಾಬೂನು ಕಂಡ ಉಂಗುರದ ಹಾಗೆ.
'ಐವತ್ತಕ್ಕೆ ಇಷ್ಟು ಕಾಲು ಸವೆಯುತ್ತಾ ಮುನೀರಣ್ಣ?'
ಅವರು ಟೀ ತರಿಸಿದರು.
ಹಿಂದಿನ ಸೀಟಿನ ಬೆನ್ನಿಗೆ ಯಾರೋ ಕಂಪಾಸಿನಲ್ಲಿ ಗೀರಿದ್ದರು:
ದಿವ್ಯಾ ೪ ಬಿ. ಅದರ ಕೆಳಗೆ, ಬೇರೆ ಕೈ: ಕೋತಿ.
ನನಗೆ ಅಲ್ಲಿಗೇ ಇಷ್ಟವಾಗಿಬಿಟ್ಟಿತ್ತು.

ಶೋರೂಮಿನಲ್ಲಿ ಎಸಿ. ಹುಡುಗನ ಹೆಸರು ಯಶಸ್.
ಇಷ್ಟು ಲೀಟರು ಬೂಟ್ ಸ್ಪೇಸು ಮೇಡಮ್ ಅಂದ.
ಅಮ್ಮ ಅಂದಳು, ಲೀಟರು ಹಾಲಿಗೆ;
ಹೊಸ ಗಾಡಿಯೊಳಗೆ ಮೊಳ ಹಾಕಿದಳು,
ಎರಡೂವರೆ ಮೊಳ, ಮೇಲೆ ಒಂದು ಗೇಣು.
ಸ್ಟವ್ವು ಹಿಡಿಯುತ್ತೆ, ಚಟ್ನಿ ಡ್ರಮ್ಮು ಹಿಡಿಯೋಲ್ಲ.
ಸೀಟು ಆರು. ಮನೆಮಂದಿ ಏಳು.
ಯಾರನ್ನು ಬಿಡೋದು ಎಂದು
ಲೋಹಿತನ ಚಿಕ್ಕವಳು ಜೋರಾಗಿಯೇ ಕೇಳಿದಳು,
ಯಾರೂ ಅವಳ ಕಡೆ ತಿರುಗಲಿಲ್ಲ.

ಟೆಸ್ಟ್ ಡ್ರೈವು ಶಾಂತಿಗ್ರಾಮದವರೆಗೆ.
ಅಮ್ಮ ಮನೆಯಿಂದ ಹಿಟ್ಟಿನ ಪಾತ್ರೆ ತಂದಿದ್ದಳು,
ಹಂಪಿನಲ್ಲಿ ಚೆಲ್ಲುತ್ತೋ ನೋಡಬೇಕಂತೆ.
ಮುಂದಿನ ಸೀಟಿಗೆ ಪಾತ್ರೆ ಇಟ್ಟದ್ದೇ
ಗಾಡಿ ಕುಯ್ಯಿ ಕುಯ್ಯಿ ಶುರುಮಾಡಿತು.
'ಬೆಲ್ಟು ಹಾಕಿಲ್ಲ ಅಂತ ಮೇಡಮ್, ಮನುಷ್ಯರು ಅಂದ್ಕೊಂಡಿದೆ.'
ಅಮ್ಮ ಹಿಂದಿನಿಂದ ಬಗ್ಗಿ ಪಾತ್ರೆಗೆ ಬೆಲ್ಟು ಹಾಕಿದಳು.
ಗಾಡಿ ಸುಮ್ಮನಾಯಿತು.
ಎಲ್ಲರೂ ನಕ್ಕೆವು, ಅವಳೊಬ್ಬಳು ಬಿಟ್ಟು.
ಕೈಚಾಚಿ ಸೀಟು ಮುಟ್ಟಿ ನೋಡಿದಳು: ತಣ್ಣಗಿತ್ತು.
'ಹಿಟ್ಟು ಮನೇಲೇ ಹುಳಿಬರಲಿ' ಅಂದಳು.
ಆಮೇಲೆ, ನನ್ನ ಹುಬ್ಬಿನ ಕಡೆ ನೋಡದೆ,
'ಇದೇ ಇರಲಿ.'

ಸಾಲ ಐದು ವರ್ಷದ್ದು. ಚಟ್ನಿ ಡ್ರಮ್ಮು ಚಿಕ್ಕದು ಕೊಂಡೆವು.
ಏಳನೆಯವಳು ನಾನು,
ಸ್ಕೂಟರಿನಲ್ಲಿ ಹಿಂದೆ ಹೋಗುತ್ತೇನೆ.

ಓಮ್ನಿ ಮುನೀರಣ್ಣನಿಗೆ ಕೊಟ್ಟೆವು.
ಯಾರ್ಡಿನ ಹುಡುಗನಿಗೆ ಬಾಗಿಲು ತೆಗೆಯಲು ಆಗಲಿಲ್ಲ.
ಹೇಳಿಕೊಟ್ಟೆ: ಎತ್ತು. ಎದೆ ಕಡೆಗೆ. ಈಗ ಹಿಂದಕ್ಕೆ.
ಎರಡು ಸಲ ಸೋತ,
ಮೂರನೆಯದಕ್ಕೆ ಬಂತು.
ನೋಡುತ್ತಲೇ ಇದ್ದ ಮುನೀರಣ್ಣ
ಬಾಗಿಲು ಸರಿಯಿಲ್ಲವೆಂದು
ಎರಡು ಸಾವಿರ ಮುರಿದುಕೊಂಡರು.